ಪಾತ್ರೆ ಸದ್ದಾಗದ ಹಾಗೆ

ಸ್ಟೀಲ್ ತಟ್ಟೆ ಕೈಜಾರಿ ಬಿದ್ದರೆ ಒಂದು ಆಟವೇ ನಿಂತುಹೋಗುತ್ತದೆ ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ತಟ್ಟೆ ಬಿತ್ತು. ಬ್ಯಾಟು ಹಿಡಿದು ನಿಂತಿದ್ದ ಹುಡುಗಿ ತಾನು ಔಟಾದೆ ಅಂದುಕೊಂಡು ಬ್ಯಾಟನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಎದುರಿನವರು ಚಪ್ಪಾಳೆ ಹೊಡೆದರು. ನೋಡಿದರೆ ಚೆಂಡು ಇನ್ನೂ ಬೌಲರ್ ಕೈಯಲ್ಲೇ ಇತ್ತು.

ಅದು ನಮ್ಮ ದೇಶದ ಹೆಣ್ಣುಮಕ್ಕಳ ಕ್ರಿಕೆಟ್ ತಂಡ. ದಿನಾ ಟಿವಿಯಲ್ಲಿ ಬರುವುದಲ್ಲ, ಕಣ್ಣು ಕಾಣದವರದು. ಕೆಲವರಿಗೆ ಏನೂ ಕಾಣುವುದಿಲ್ಲ, ಕೆಲವರಿಗೆ ಮಂಜುಮಂಜಾಗಿ ಕಾಣುತ್ತದೆ. ಕಾಶಿಯಲ್ಲಿ ನೇಪಾಳದ ತಂಡದ ಜೊತೆ ಮೂರು ಪಂದ್ಯಗಳಿದ್ದವು, ಅದಕ್ಕೆ ಮೊದಲು ಕೆಲವು ದಿನ ತಾಲೀಮು. ಹೋಟೆಲಿನಲ್ಲಿ ಇಳಿಯುವಷ್ಟು ಅನುಕೂಲ ಅವರಿಗೆ ಇರಲಿಲ್ಲ. ಹಾಗಾಗಿ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಛತ್ರಕ್ಕೆ ಬಂದರು. ಕರ್ನಾಟಕದಿಂದ ಯಾತ್ರೆಗೆ ಬರುವವರಿಗಾಗಿ ಹಿಂದೆ ಯಾರೋ ಪುಣ್ಯಾತ್ಮರು ಕಟ್ಟಿಸಿದ ಛತ್ರ ಅದು. ಅಲ್ಲಿ ಅಡುಗೆ ಮಾಡುವವಳು ನಾನು. ಮಧ್ಯಾಹ್ನದ ಊಟ ಮೈದಾನಕ್ಕೇ ಬರಬೇಕು ಎಂದು ಅವರ ಕೋಚ್ ಹೇಳಿದ್ದ. ಮೊದಲ ದಿನವೇ ಹೀಗಾಯಿತು.

ಕೋಚ್ ಓಡಿ ಬಂದ. ದೆಹಲಿ ಕಡೆಯವನು, ಮಾತು ಮೆತ್ತಗಿದ್ದರೂ ಮುಖ ಕೆಂಪಗಿತ್ತು.

"ಅಮ್ಮಾಜಿ, ಇವರಿಗೆ ಕಿವಿಯೇ ಕಣ್ಣು. ಇಲ್ಲಿ ಪಾತ್ರೆ ಬಡಿದರೆ ಇವರ ಕಣ್ಣಿಗೆ ಮಣ್ಣು ಹಾಕಿದ ಹಾಗೆ."

"ತಟ್ಟೆ ಬಿದ್ದದ್ದು, ಬಡಿದದ್ದಲ್ಲ" ಎಂದೆ.

"ಅವರಿಗೆ ಎರಡೂ ಒಂದೇ" ಎಂದ. ಆಮೇಲೆ ನನ್ನನ್ನು ಪಿಚ್ಚಿನ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ತೋರಿಸಿದ. ಚೆಂಡು ಪ್ಲಾಸ್ಟಿಕ್ಕಿನದು, ಒಳಗೆ ಕಬ್ಬಿಣದ ಸಣ್ಣ ಗುಂಡುಗಳು, ಉರುಳಿದರೆ ಗಲಗಲ ಅನ್ನುತ್ತದೆ. ಅದನ್ನು ಕೈ ಮೇಲೆತ್ತಿ ಎಸೆಯುವ ಹಾಗಿಲ್ಲ, ಕೆಳಗಿನಿಂದ ನೆಲಕ್ಕೆ ತಾಗಿಸಿ ಬಿಡಬೇಕು. ಬಿಡುವ ಮೊದಲು ಬೌಲರ್ "ರೆಡಿ?" ಅನ್ನಬೇಕು, ಬ್ಯಾಟ್ ಹಿಡಿದವಳು "ಯೆಸ್" ಅನ್ನಬೇಕು, ಬಿಡುವಾಗ ಬೌಲರ್ "ಪ್ಲೇ" ಎಂದು ಕೂಗಬೇಕು. ಸ್ಟಂಪು ಕಬ್ಬಿಣದ ಕೊಳವೆಗಳು. ಚೆಂಡು ತಾಗಿದರೆ ಠಣ್ ಅನ್ನುತ್ತದೆ. ನನ್ನ ತಟ್ಟೆಯೂ ಹಾಗೇ ಅಂದಿತ್ತು, ಅಷ್ಟೇ.

ಪಕ್ಕದಲ್ಲಿದ್ದ ಶಾಮಿಯಾನದ ಕೆಳಗೆ ಎಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದೆ. ಬಡಿಸುವುದರಲ್ಲಿ ನನಗೊಂದೇ ಕ್ರಮ ಗೊತ್ತು, ನಮ್ಮ ಊರಿನದು. ಎಡಕ್ಕೆ ಮೇಲೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ನಾವು ಹಿಂಡಿ ಅನ್ನುವ ಶೇಂಗಾ ಚಟ್ನಿಪುಡಿ, ಬಲಕ್ಕೆ ಪಲ್ಯ, ಕಾಳು, ಮುಂದೆ ರೊಟ್ಟಿಯೋ ಚಪಾತಿಯೋ, ಅದು ಮುಗಿದ ಮೇಲೆ ಅಲ್ಲೇ ಅನ್ನ. ಇಲ್ಲಿಯವರು ತಟ್ಟೆಗೆ ಎಲ್ಲಿ ಜಾಗವಿದೆಯೋ ಅಲ್ಲಿ ಸುರಿದು ಹೋಗುತ್ತಾರೆ. ಹುಡುಗಿಯರು ಬೆರಳಾಡಿಸಿ ಯಾವುದು ಎಲ್ಲಿದೆ ಎಂದು ಹುಡುಕುತ್ತಿದ್ದರು. ಒಬ್ಬಳು ಮಾತ್ರ ಹುಡುಕಲಿಲ್ಲ. ಅವಳ ಕೈ ನೆಟ್ಟಗೆ ಹಿಂಡಿಗೆ ಹೋಯಿತು, ಅಲ್ಲಿಂದ ಪಲ್ಯಕ್ಕೆ ಹೋಯಿತು.

"ಕಹಾಂ ಸೇ ಹೋ, ಬೇಟಿ?" ಎಂದು ಕೇಳಿದೆ.

"ಕೊಪ್ಪಳದ ಕಡೆ" ಎಂದಳು, ಕನ್ನಡದಲ್ಲೇ. "ಉಪ್ಪು ಎಡಕ್ಕ ಮ್ಯಾಲ ಇಟ್ಟಿದ್ದು ನೋಡಿ ನಮ್ಮವ್ರ ಅಂತ ಗೊತ್ತಾತು, ಆಯಿ."

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ. ನನಗೆ ಮೊಮ್ಮಕ್ಕಳಿದ್ದಾರೆ, ಲಕ್ನೋದಲ್ಲಿ, ಮಗಳ ಮಕ್ಕಳು. ಅವರು ನಾನಿ ಅನ್ನುತ್ತಾರೆ. ದೀಪಾವಳಿಗೆ ಫೋನು ಮಾಡಿ "ನಾನಿ, ಕೈಸೀ ಹೋ" ಎಂದು ಕೇಳಿ ತಾಯಿಯ ಕೈಗೆ ಫೋನು ಕೊಡುತ್ತಾರೆ. ಅವರ ತಪ್ಪೇನಿಲ್ಲ. ಹಿಂದಿಯಲ್ಲಿ ನಾನು ತರಕಾರಿ ಕೊಳ್ಳಬಲ್ಲೆ, ಬೈಯಬಲ್ಲೆ, ಲೆಕ್ಕ ಹೇಳಬಲ್ಲೆ. ಸುಮ್ಮನೆ ಕೂತು ಮಾತಾಡಲು ಬರುವುದಿಲ್ಲ. ಇನ್ನು ಛತ್ರಕ್ಕೆ ಕನ್ನಡ ಬಸ್ಸಿನಲ್ಲಿ ಬರುತ್ತದೆ, ಬಿಸಿನೀರು ಎಲ್ಲಿ, ವಿಶ್ವನಾಥನ ಗುಡಿಗೆ ಯಾವ ದಾರಿ ಎಂದು ಕೇಳುತ್ತದೆ, ಎರಡು ದಿನ ಇದ್ದು ಬಸ್ಸಿನಲ್ಲೇ ಹೋಗುತ್ತದೆ. ನಮ್ಮ ಯಜಮಾನರು ಇದೇ ಅಡುಗೆಮನೆಯಲ್ಲಿ ಭಟ್ಟರಾಗಿದ್ದರು. ಅವರನ್ನು ಹರಿಶ್ಚಂದ್ರ ಘಾಟಿನಲ್ಲಿ ಸುಟ್ಟು ಬಂದ ಮಾರನೆಯ ದಿನ ಒಂದು ಬಸ್ಸು ಜನ ಬಂದು ಇಳಿದಿದ್ದರು. ಸೌಟು ಯಾರಾದರೂ ಹಿಡಿಯಬೇಕಿತ್ತು, ನಾನು ಹಿಡಿದೆ. ಇಷ್ಟೇ ನನ್ನ ಕಥೆ. ಇಲ್ಲಿ ಹೇಳಬೇಕಾದದ್ದು ಬೇರೆ.

ಅಂದು ಸಂಜೆ ಅಡುಗೆಮನೆಯಲ್ಲಿ ಯಾವ ಯಾವ ವಸ್ತು ಸದ್ದು ಮಾಡುತ್ತದೆ ಎಂದು ಒಂದೊಂದಾಗಿ ಎತ್ತಿ ನೋಡಿದೆ. ಸದ್ದು ಮಾಡದ್ದು ಉಪ್ಪು ಒಂದೇ. ತಟ್ಟೆ, ಲೋಟ, ಡಬರಿ, ಮುಚ್ಚಳ, ಸೌಟು, ಚಿಮ್ಮಟಿಗೆ, ಬಕೀಟಿನ ಹಿಡಿಕೆ. ನನ್ನ ಕೈಕೆಳಗಿನ ಹೆಂಗಸು, ಗಾಜೀಪುರದ ಕಡೆಯವಳು, ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಕಾ ಹೋ ಅಮ್ಮಾ, ಪಾತ್ರೆಗೆ ಪೂಜೆ ಮಾಡುತ್ತೀರಾ?"

"ನಿನ್ನ ಕಾಲ್ಗೆಜ್ಜೆ ಬಿಚ್ಚು" ಎಂದೆ.

"ಗಂಡ ಇರುವವಳು ನಾನು."

"ಹಾಗಾದರೆ ಅದಕ್ಕೆ ಬಟ್ಟೆ ಸುತ್ತು. ಬಾಯಿಗೂ ಸ್ವಲ್ಪ ಸುತ್ತು."

ಬೈದುಕೊಳ್ಳುತ್ತಲೇ ಸುತ್ತಿದಳು. ಸ್ಟೀಲ್ ತಟ್ಟೆ ಬಿಟ್ಟು ಎಲೆಯ ತಟ್ಟೆ ಹಿಡಿದೆವು. ಇಲ್ಲಿ ಪತ್ತಲ್ ಅನ್ನುತ್ತಾರೆ, ಒಣ ಎಲೆ ಹೊಲಿದು ಮಾಡಿದ್ದು, ಗೋದೌಲಿಯಾದ ಅಂಗಡಿಯಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಲೋಟದ ಬದಲು ಮಣ್ಣಿನ ಕುಲ್ಹಡ್. ಸೌಟು ಮರದ್ದು. ಒಂದು ಹಳೆಯ ಸೀರೆ ಹರಿದು ಡಬರಿ ಡಬರಿಯ ನಡುವೆ ಸುತ್ತಿ, ಮುಚ್ಚಳದ ಅಂಚಿಗೂ ಕಟ್ಟಿದೆ. ಗಲ್ಲಿಯಲ್ಲಿ ಗಾಡಿ ಬರುವುದಿಲ್ಲ, ದೊಡ್ಡ ರಸ್ತೆಯವರೆಗೆ ಹೊತ್ತುಕೊಂಡು ಹೋಗಿ ಅಲ್ಲಿಂದ ಬ್ಯಾಟರಿ ರಿಕ್ಷಾ. ರಿಕ್ಷಾದವನಿಗೆ ಮೈದಾನದ ಗೇಟಿನ ಹೊರಗೇ ನಿಲ್ಲಿಸು, ಹಾರ್ನ್ ಮುಟ್ಟಬೇಡ ಎಂದೆ. ಬನಾರಸಿನಲ್ಲಿ ಹಾರ್ನ್ ಮುಟ್ಟಬೇಡ ಅನ್ನುವವರು ನೀವೇ ಮೊದಲು ಎಂದು ಅವನು ನಕ್ಕ.

ಮಾರನೆಯ ದಿನ ಸದ್ದೇನೂ ಆಗಲಿಲ್ಲ, ಆದರೆ ಊಟ ಕೆಟ್ಟಿತು. ಗಾಳಿಗೆ ಪತ್ತಲ್ ಹಾರಿದವು. ಬೇಳೆ ಹೊಲಿಗೆಯ ಸಂದಿಯಿಂದ ಇಳಿದು ಹುಡುಗಿಯರ ಬಟ್ಟೆಯ ಮೇಲೆ ಹೋಯಿತು. ಅದಕ್ಕಿಂತ ದೊಡ್ಡ ತೊಂದರೆ, ಪತ್ತಲ್ ಗುಂಡಗಿರುತ್ತದೆ. ಗುಂಡಗಿರುವುದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು? ಅದು ಸ್ವಲ್ಪ ತಿರುಗಿದರೂ ಉಪ್ಪು ಇದ್ದ ಕಡೆ ಪಲ್ಯ ಬರುತ್ತಿತ್ತು. ಒಬ್ಬಳು ಉಪ್ಪನ್ನೇ ಬಾಯಿಗೆ ಹಾಕಿಕೊಂಡು ಉಗುಳಿದಳು.

ಕೊಪ್ಪಳದ ಹುಡುಗಿ ತನ್ನ ಎಲೆಯ ಅಂಚನ್ನು ಬೆರಳಲ್ಲಿ ಸುತ್ತ ಸವರಿದಳು. "ಆಯಿ, ಉಪ್ಪು ಇಡೋ ಕಡೆ ಅಂಚು ಒಂದೀಟು ಮಡಚು. ಮಡಿಕಿ ಕೈಗೆ ಸಿಕ್ಕರ ಉಳಿದದ್ದೆಲ್ಲಾ ಸಿಕ್ಕಂಗ."

ಹಾಗೇ ಮಾಡಿದೆ. ಎರಡೆರಡು ಪತ್ತಲ್ ಒಂದರ ಮೇಲೊಂದು ಇಟ್ಟು, ಬೇಳೆಯನ್ನು ಗಟ್ಟಿ ಮಾಡಿ, ಉಪ್ಪಿನ ಕಡೆ ಅಂಚು ಮಡಚಿ ಇಡತೊಡಗಿದೆ. ಆ ಹುಡುಗಿ ಉಳಿದವರಿಗೆಲ್ಲ ಹಿಂದಿಯಲ್ಲಿ ಪಾಠ ಮಾಡಿದಳು. ಒಡಿಶಾದವಳು, ಆಂಧ್ರದವಳು, ಗುಜರಾತಿನವಳು, ಎಲ್ಲರೂ ನಮ್ಮ ಕಡೆಯ ಕ್ರಮದಲ್ಲಿ ಉಣ್ಣಲು ಕಲಿತರು. ಯಾರ ಕೈಯೂ ಹುಡುಕುತ್ತಿರಲಿಲ್ಲ. ಕೋಚ್ ಮೊಟ್ಟೆ ಬೇಕು ಎಂದು ಒಂದು ದಿನ ಜಗಳ ತೆಗೆದ. ಛತ್ರದಲ್ಲಿ ಮೊಟ್ಟೆ ಇಲ್ಲ, ಹೆಸರುಕಾಳು, ಪನೀರು, ಶೇಂಗಾ ಎಷ್ಟು ಬೇಕಾದರೂ ಇದೆ ಎಂದೆ. ಮೂರು ಸಲ ಹಾಕಿಸಿಕೊಂಡು ತಿಂದು ಸುಮ್ಮನಾದ.

ಸಂಜೆ ತಾಲೀಮು ಮುಗಿಸಿ ಬಂದ ಮೇಲೆ ಕೊಪ್ಪಳದವಳು ಅಡುಗೆಮನೆಗೆ ಬಂದು ಕೂರುತ್ತಿದ್ದಳು. ಅವಳಿಗೆ ಏನೇನೂ ಕಾಣುವುದಿಲ್ಲ, ಹುಟ್ಟಿನಿಂದಲೇ. ಮೆಂತ್ಯದ ಸೊಪ್ಪು ಮುಂದಿಟ್ಟರೆ ಎಲೆ ಬೇರೆ, ದಂಟು ಬೇರೆ ಮಾಡುತ್ತಾ ಮಾತಾಡುತ್ತಿದ್ದಳು. ನಾನು ಹೆಚ್ಚು ಮಾತಾಡಿದೆನೆಂದೇನೂ ಇಲ್ಲ. ಕೇಳುತ್ತಿದ್ದೆ. ಅಷ್ಟು ದಿನದಿಂದ ಕೇಳದ ಮಾತು ಅದು, ಬಾಯಿಗೆ ಬರಲು ಹೊತ್ತು ಹಿಡಿಯುತ್ತಿತ್ತು.

ಒಂದು ಸಂಜೆ ಗಲ್ಲಿಯಲ್ಲಿ "ರಾಮ ನಾಮ ಸತ್ಯ ಹೈ" ಎಂದು ಕೂಗುತ್ತಾ ಹೋದರು.

"ಏನಾಯಿ ಅದು, ದಿನಾ ಹೋಗ್ತಾರ?"

"ಹೆಣ ಒಯ್ಯಾಕತ್ತಾರ. ನೀ ಸೊಪ್ಪು ಬಿಡಿಸು."

"ದಿನಾ ಅಷ್ಟು ಮಂದಿ ಸಾಯ್ತಾರೇನು?"

"ಸಾಯಾಕ ಬರ್ತಾರ ಇಲ್ಲಿಗೆ. ನೀ ಆಡಾಕ ಬಂದೀಯಲ್ಲ, ಹಂಗ."

ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು. ಈ ಮೂರು ಪಂದ್ಯ ಮುಗಿದ ಮೇಲೆ ಹೊರದೇಶಕ್ಕೆ ಹೋಗುವ ತಂಡ ಆರಿಸುತ್ತಾರೆ. ಪೂರಾ ಕಣ್ಣು ಕಾಣದ ಬೌಲರ್‌ಗಳಲ್ಲಿ ಉಳಿದಿರುವುದು ಒಂದೇ ಜಾಗ. ಇವಳು ಒಬ್ಬಳು, ಒಡಿಶಾದವಳು ಒಬ್ಬಳು.

"ಹೊರಗ ಹೋಗಿ ಆಡಿ ಬಂದ್ರ ಸರಕಾರಿ ನೌಕರಿಗೆ ಅರ್ಜಿ ಹಾಕಬಹುದು ಆಯಿ, ಆಟದವ್ರ ಕೋಟಾದಾಗ. ಇಲ್ಲಾಂದ್ರ ಅಣ್ಣನ ಮನ್ಯಾಗ ಮೂಲಿ ಹಿಡಿಯೂದು. ಅತ್ತಿಗಿ ಒಳ್ಳ್ಯಾಕಿ. ಒಳ್ಳ್ಯಾಕಿನ ಮುಂದ ದಿನಾ ಕುಂತು ಉಣ್ಣೂದು ಇನ್ನೂ ಕಷ್ಟ."

ನಾನು ದೇವರು ಕೊಡುತ್ತಾನೆ ಎಂದೇನೂ ಹೇಳಲಿಲ್ಲ. ಯಾರಿಗೆ ಕೊಡುತ್ತಾನೆ, ಬಿಡುತ್ತಾನೆ ಎಂದು ಕಾಶಿಯಲ್ಲಿದ್ದವರಿಗೆ ಗೊತ್ತಿರುತ್ತದೆ. ಇನ್ನೊಂದು ಕಟ್ಟು ಸೊಪ್ಪು ಮುಂದಿಟ್ಟೆ.

"ಆಯಿ, ನಿನ್ನ ಸೊಂಟದಾಗ ಕೀಲಿ ಜೋಡಿ ಏನೋ ಪ್ಲಾಸ್ಟಿಕ್ ಬಡಿತೈತಿ. ಫೋನೇನು?"

"ಹೂಂ."

"ಒಂದಿನಾನೂ ರಿಂಗ್ ಆಗಿದ್ದು ಕೇಳಿಲ್ಲ."

"ಯಾರು ಮಾಡ್ತಾರ?"

"ಹೆಂಗ ರಿಂಗ್ ಆಗತೈತಿ, ಕೇಳಿಸು ನೋಡೂಣು."

ಬಟನ್ನಿನ ಹಳೆಯ ಫೋನು. ಗುಂಡಿ ಒತ್ತಿ ಅದರ ಟ್ಯೂನು ಕೇಳಿಸಿದೆ. ಬೆಕ್ಕಿನ ಬಾಲ ಮೆಟ್ಟಿದ ಹಾಗಿದೆ ಎಂದಳು. ಕೈಕೆಳಗಿನ ಹೆಂಗಸು ಓಡಿ ಬಂದಳು, ಯಾರ ಫೋನು, ಲಕ್ನೋದಿಂದಲಾ ಎಂದು. ಯಾರದೂ ಅಲ್ಲ ಎಂದೆ.

ನೇಪಾಳದವರು ಬಂದರು. ಅವರೂ ನಮ್ಮ ಛತ್ರದಲ್ಲೇ, ಮೇಲಿನ ಅಂತಸ್ತಿನಲ್ಲಿ. ಅವರಿಗೂ ಎಲೆಯ ಅಂಚು ಮಡಚಿಯೇ ಬಡಿಸಿದೆ. ಮೊದಲ ಪಂದ್ಯ ನಾವು ಗೆದ್ದೆವು. ಕೊಪ್ಪಳದವಳು ಒಂದರ ಹಿಂದೆ ಒಂದು ಸ್ಟಂಪು ಬೀಳಿಸಿದಳು. ಆ ಠಣ್ ಸದ್ದು ಕೇಳಲು ಚೆನ್ನಾಗಿತ್ತು ಎಂದು ಒಪ್ಪಿಕೊಳ್ಳಬೇಕು. ಎರಡನೆಯದನ್ನು ಅವರು ಗೆದ್ದರು. ಆ ಪಂದ್ಯದಲ್ಲಿ ಒಂದು ಸಂಗತಿ ನಡೆಯಿತು. ಈ ಆಟದಲ್ಲಿ ಪೂರಾ ಕಣ್ಣಿಲ್ಲದವರು ಚೆಂಡನ್ನು ಒಂದು ಪುಟ ಬಿದ್ದ ಮೇಲೆ ಹಿಡಿದರೂ ಕ್ಯಾಚೇ. ನೇಪಾಳದ ಒಬ್ಬ ಹುಡುಗಿ ಹಾಗೆ ಹಿಡಿದಳು, ಅಂಪೈರು ಔಟ್ ಕೊಟ್ಟ. ಅವಳೇ ಕೈ ಎತ್ತಿ, ಎರಡು ಪುಟ ಬಿತ್ತು, ಔಟಲ್ಲ ಎಂದಳು. ಅವಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದು ಅವಳ ಕೈಗೆ ಮಾತ್ರ ಗೊತ್ತಿದ್ದ ವಿಷಯ.

ಸಂಜೆ ಕೊಪ್ಪಳದವಳು ಅದನ್ನೇ ಹೇಳಿದ್ದು. "ಸುಮ್ಮಿದ್ರ ಆಕಿಗೆ ಏನಾಗ್ತಿತ್ತಾಯಿ? ಏನೂ ಆಗ್ತಿದ್ದಿಲ್ಲ."

"ಹುಚ್ಚಿ ಇರಬೇಕು."

"ಹಂಗ ಅಂತೀಯೇನು?" ಎಂದಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಅದೊಂದು ಸದ್ದು ನಿಲ್ಲಿಸಲು ನನಗೆ ಆಗಿರಲಿಲ್ಲ.

ಮೂರನೆಯ ಪಂದ್ಯಕ್ಕೆ ಯಾರ್ಯಾರೋ ದೊಡ್ಡವರು ಬಂದಿದ್ದರು, ತಂಡ ಆರಿಸುವವರೂ ಇದ್ದರು. ಛತ್ರದ ಮ್ಯಾನೇಜರ್ ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲಿ ಕೂತ. ಅವನು ಇಲ್ಲಿಯವನೇ, ಛತ್ರದ ಹೆಸರು ಪೇಪರಿನಲ್ಲಿ ಬರಬೇಕು ಎಂದು ಅವನಿಗೆ ಆಸೆ. "ಅಮ್ಮಾ, ಇವತ್ತು ಸೂಜಿ ಬಿದ್ದರೂ ಕೇಳಬಾರದು" ಎಂದು ನನಗೆ ಎಚ್ಚರಿಕೆ ಕೊಟ್ಟ. ನಾನು ಆಗಲೇ ಬಳೆ ಬಿಚ್ಚಿಟ್ಟು, ಕೀಲಿಗೊಂಚಲನ್ನು ಛತ್ರದಲ್ಲೇ ಬಿಟ್ಟು ಬಂದಿದ್ದೆ. ಡಬರಿಗಳನ್ನೆಲ್ಲ ಗೋಣಿತಾಟಿನ ಮೇಲೆ ಇಟ್ಟಿದ್ದೆ. ಕೈಕೆಳಗಿನವಳಿಗೆ ಕೆಮ್ಮು ಬಂದರೆ ಸೆರಗು ಕಚ್ಚಿಕೋ ಎಂದು ಹೇಳಿದ್ದೆ. ಶಾಮಿಯಾನ ಬೌಲರ್ ಓಡಿ ಬರುವ ತುದಿಗೆ ಹತ್ತಿರವಿತ್ತು. ಅದರ ಕಂಬಕ್ಕೆ ಒರಗಿ ಕೂತೆ.

ನಾವು ಮೊದಲು ಆಡಿದ್ದೆವು. ಅವರು ನಮ್ಮ ಲೆಕ್ಕದ ಹತ್ತಿರ ಹತ್ತಿರ ಬಂದರು. ಕೊನೆಯ ಓವರು ಕೊಪ್ಪಳದವಳ ಕೈಗೆ ಬಂತು. ಅವರ ಕೊನೆಯ ಜೋಡಿ ಆಡುತ್ತಿತ್ತು. ಬ್ಯಾಟ್ ಹಿಡಿದವಳು ಆ ಎರಡು ಪುಟದ ಕ್ಯಾಚಿನ ಹುಡುಗಿಯೇ. ಅವಳಿಗೆ ಏನೂ ಕಾಣದ ಕಾರಣ ಅವಳು ಹೊಡೆದ ಒಂದೊಂದು ರನ್ನೂ ಎರಡಾಗುತ್ತದೆ. ಒಂದು ಬೌಂಡರಿ ಹೊಡೆದರೆ ಅವರು ಗೆದ್ದರು. ಅವಳು ಔಟಾದರೆ ನಾವು ಗೆದ್ದೆವು. ಇಷ್ಟು ನನಗೂ ಅರ್ಥವಾಗಿತ್ತು. ಮೈದಾನದಲ್ಲಿ ಎಷ್ಟು ಮೌನವಿತ್ತೆಂದರೆ ದೂರದ ರಸ್ತೆಯ ಸದ್ದು ಯಾರೋ ಕೌದಿ ಹೊದಿಸಿದ ಹಾಗೆ ಕೇಳುತ್ತಿತ್ತು.

"ರೆಡಿ?"

"ಯೆಸ್."

"ಪ್ಲೇ" ಎಂದು ಅವಳು ಚೆಂಡು ಬಿಟ್ಟಳು. ಆಗ ನನ್ನ ಸೊಂಟದ ಫೋನು ರಿಂಗಾಯಿತು.

ಬೇರೆ ಎಲ್ಲವನ್ನೂ ಕಟ್ಟಿದ್ದೆ, ಸುತ್ತಿದ್ದೆ, ಬಿಚ್ಚಿಟ್ಟಿದ್ದೆ. ಫೋನಿನ ಕಡೆ ಲಕ್ಷ್ಯವೇ ಹೋಗಿರಲಿಲ್ಲ. ಎಂದೂ ರಿಂಗಾಗದ ವಸ್ತುವಿನ ಮೇಲೆ ಯಾರಿಗೆ ಲಕ್ಷ್ಯವಿರುತ್ತದೆ? ಸೆರಗಿನ ಮೇಲಿಂದಲೇ ಅದನ್ನು ಕೈಯಲ್ಲಿ ಹಿಚುಕಿದೆ. ಎರಡು ಸ್ವರ ಹೊರಗೆ ಬಂತೋ ಏನೋ, ನಿಂತಿತು. ಅಷ್ಟರಲ್ಲಿ ಠಣ್ ಎಂದಿತು. ಸ್ಟಂಪು ಬಿದ್ದಿತ್ತು. ನಮ್ಮ ಹುಡುಗಿಯರು ಕಿರುಚಿ ಸ್ಟಂಪಿನ ಸದ್ದು ಬಂದ ಕಡೆಗೆ ಓಡಿದರು. ಅಂಪೈರ್ ಬೆರಳೆತ್ತಿದ. ಮ್ಯಾನೇಜರ್ ಎದ್ದು ನಿಂತು ಚಪ್ಪಾಳೆ ಹೊಡೆದ.

ಬೌಲರ್ ಮಾತ್ರ ಇದ್ದಲ್ಲೇ ನಿಂತಿದ್ದಳು. ಮುಖ ನನ್ನ ಕಡೆಗಿತ್ತು. ಕಪ್ಪು ಕನ್ನಡಕ ಹಾಕಿದ ಮುಖ, ನೆಟ್ಟಗೆ ಶಾಮಿಯಾನದ ಕಡೆಗೆ. ಆ ಬೆಕ್ಕಿನ ಬಾಲದ ಟ್ಯೂನು ಅವಳಿಗೆ ಗೊತ್ತಿತ್ತು.

ಅಂಪೈರ್ ಹತ್ತಿರ ಹೋಗಿ ಹಿಂದಿಯಲ್ಲಿ ಹೇಳಿದಳು. "ಸರ್, ಚೆಂಡು ಬಿಡುವಾಗ ಸದ್ದಾಯಿತು. ಅವಳಿಗೆ ಸರಿಯಾಗಿ ಕೇಳಿರಲಿಕ್ಕಿಲ್ಲ."

"ಯಾವ ಸದ್ದು?" ಎಂದ ಅಂಪೈರ್. ಅವನ ಗಮನವೆಲ್ಲ ಸ್ಟಂಪಿನ ಕಡೆಗಿತ್ತು. "ನನಗೇನೂ ಕೇಳಲಿಲ್ಲ."

"ಆಯಿತು ಸರ್. ಒಂದು ಸದ್ದಾಯಿತು."

ಯಾರ ಸದ್ದು ಎಂದು ಅವಳು ಹೇಳಲಿಲ್ಲ. ಹೇಳಬಹುದಿತ್ತು. ಅಂಪೈರ್ ಬ್ಯಾಟ್ ಹಿಡಿದವಳನ್ನು ಕೇಳಿದ. ಆ ಹುಡುಗಿ, ಬೌಲ್ಡ್ ಆದಮೇಲೆ ನಾನು ಏನು ಹೇಳಿದರೂ ನೆಪ ಆಗುತ್ತದೆ ಎಂದಳು. ನಮ್ಮ ನಾಯಕಿಗೆ ಸ್ವಲ್ಪ ಕಣ್ಣು ಕಾಣುತ್ತದೆ. ಅವಳು ಬೌಲರ್ ತೋಳು ಹಿಡಿದು "ಪಾಗಲ್ ಹೈ ಕ್ಯಾ?" ಎಂದಳು. ಅಂಪೈರ್ ಶಾಮಿಯಾನದ ಕಡೆ ತಿರುಗಿ ಜೋರಾಗಿ ಕೇಳಿದ, ಅಲ್ಲಿ ಯಾರಿಗಾದರೂ ಸದ್ದು ಕೇಳಿಸಿತೆ?

ಶಾಮಿಯಾನದಲ್ಲಿ ಯಾರೂ ಬಾಯಿ ಬಿಡಲಿಲ್ಲ. ನನ್ನ ಪಕ್ಕ ಕೂತ ಗಾಜೀಪುರದವಳು ಸೆರಗು ಕಚ್ಚಿಕೊಂಡಿದ್ದಳು, ಕೆಮ್ಮು ಬಂದದ್ದಲ್ಲ. ಮ್ಯಾನೇಜರ್ ಕತ್ತು ಹೊರಳಿಸಿ ನನ್ನನ್ನು ನೋಡಿ, ಕಣ್ಣಲ್ಲೇ ಕೂತಿರು ಎಂದ.

ನಾನು ಲೆಕ್ಕ ಹಾಕಿದೆ, ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದರೆ ಹುಡುಗಿಗೆ ಹೊರದೇಶ, ನೌಕರಿ. ಛತ್ರಕ್ಕೆ ಹೆಸರು. ನನಗೆ ಬೈಗುಳ ಇಲ್ಲ. ಎದ್ದರೆ ಯಾರಿಗೂ ಏನೂ ಇಲ್ಲ. ಆದರೆ ಅಷ್ಟು ಜನರ ನಡುವೆ ಒಬ್ಬಳು ಒಂದು ಮಾತು ಹೇಳಿ, ಹೌದು ಅನ್ನುವವರು ಒಬ್ಬರೂ ಇಲ್ಲದೆ ನಿಂತಿದ್ದಳು. ಆ ನಿಲುವು ನನಗೆ ಗೊತ್ತಿತ್ತು. ನಾನು ಈ ಊರಿನಲ್ಲಿ ಎಷ್ಟೋ ಕಾಲದಿಂದ ಹಾಗೇ ನಿಂತಿದ್ದೇನೆ.

ಎದ್ದು ಹಗ್ಗ ದಾಟಿ ಮೈದಾನದೊಳಗೆ ಹೋದೆ. ಮಂಡಿ ನೋವಿಗೆ ಆ ದೂರ ಬಹಳವಾಯಿತು. ಎಲ್ಲರೂ ನನ್ನ ಚಪ್ಪಲಿಯ ಸದ್ದು ಕೇಳುತ್ತಿದ್ದರು. ಫೋನು ತೆಗೆದು ಅಂಪೈರ್ ಮುಂದೆ ಹಿಡಿದೆ.

"ಇದು ರಿಂಗಾಯಿತು. ಚೆಂಡು ಬಿಡುವಾಗಲೇ. ನನ್ನದು."

ಅಂಪೈರ್ ಫೋನು ನೋಡಿದ, ನನ್ನನ್ನು ನೋಡಿದ. "ನೀವು ಯಾರು?"

"ಅಡುಗೆಯವಳು."

ಆ ಚೆಂಡು ಲೆಕ್ಕಕ್ಕಿಲ್ಲ ಎಂದು ಅವನು ಕೈ ಅಡ್ಡಡ್ಡ ಆಡಿಸಿದ. ನಮ್ಮ ನಾಯಕಿ ಎರಡು ಹೆಜ್ಜೆ ದೂರ ಹೋಗಿ ನಿಂತು, ಆಮೇಲೆ ವಾಪಸ್ ಬಂದು, ಸರಿ, ಮತ್ತೆ ಆಡಲಿ ಎಂದಳು. ಕೊಪ್ಪಳದವಳು ನನ್ನ ಕಡೆ ತಿರುಗಲಿಲ್ಲ. ಚೆಂಡನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲುಗಿಸಿದಳು. ರೆಡಿ ಎಂದಳು, ಬ್ಯಾಟ್ ಹಿಡಿದವಳು ಯೆಸ್ ಎಂದಳು. ಈ ಸಲ ಎಲ್ಲೂ ಏನೂ ಸದ್ದಾಗಲಿಲ್ಲ. ನೇಪಾಳದ ಹುಡುಗಿ ಮಂಡಿಯೂರಿ ಬ್ಯಾಟನ್ನು ನೆಲದುದ್ದಕ್ಕೂ ಬೀಸಿದಳು. ಚೆಂಡು ಗಲಗಲ ಅನ್ನುತ್ತಾ ಶಾಮಿಯಾನದ ಪಕ್ಕದಿಂದಲೇ ಹಗ್ಗ ದಾಟಿ ನನ್ನ ಬೇಳೆಯ ಡಬರಿಗೆ ಬಡಿದು ನಿಂತಿತು. ಸುತ್ತಿದ ಸೀರೆಯಿಂದಾಗಿ ಡಬರಿ ಸದ್ದು ಮಾಡಲಿಲ್ಲ.

ಗೆದ್ದವರು ಕುಣಿಯುವ ಬದಲು ಮೊದಲು ಕೈ ಚಾಚಿಕೊಂಡು ನಮ್ಮ ಬೌಲರ್ ಹುಡುಗಿಯನ್ನು ಹುಡುಕುತ್ತಾ ಬಂದರು. "ಎಲ್ಲಿದ್ದಾಳೆ, ಎಲ್ಲಿದ್ದಾಳೆ" ಎಂದು ಕೇಳುತ್ತಾ. ಬ್ಯಾಟ್ ಮಾಡಿದವಳು ಅವಳನ್ನು ತಬ್ಬಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ. ಅವಳೇನು ಹೇಳಿದಳೋ ನನಗೆ ಕೇಳಲಿಲ್ಲ. ನಾನು ಎಲೆ ಹಾಕುತ್ತಿದ್ದೆ. ಊಟದ ಹೊತ್ತಾಗಿತ್ತು.

ಸಂಜೆ ಕೋಚ್ ಹೇಳಿದ, ಒಡಿಶಾದವಳು ಹೋಗುತ್ತಾಳೆ ಎಂದು. ಕೊನೆಯ ಓವರಿನಲ್ಲಿ ಕೊಟ್ಟ ರನ್ನು ಎಣಿಸಿದರಂತೆ. ಪ್ರಾಮಾಣಿಕತೆಯನ್ನು ಎಲ್ಲರೂ ಹೊಗಳಿದರಂತೆ, ಅಂಕದ ಪಟ್ಟಿಯಲ್ಲಿ ಅದಕ್ಕೆ ಪ್ರತ್ಯೇಕ ಅಂಕಣ ಇಲ್ಲವಂತೆ.

"ಅಮ್ಮಾಜಿ, ನೀವು ಕೂತಿದ್ದರೆ ಅವಳು ಹೋಗುತ್ತಿದ್ದಳು" ಎಂದ. ಬೈಯಲಿಲ್ಲ, ಹೇಳಿದ ಅಷ್ಟೇ. ಆಮೇಲೆ ಹೆಸರುಕಾಳು ಉಳಿದಿದೆಯೇ ಎಂದು ಕೇಳಿದ. ಬೈಯುವ ಕೆಲಸವನ್ನು ಮ್ಯಾನೇಜರ್ ಮಾಡಿದ. ನಿಮ್ಮನ್ನು ಕೇಳಿದವರು ಯಾರು ಎಂದ. ಅಂಪೈರ್ ಕೇಳಿದ ಎಂದೆ.

ಅಂದು ಹುಡುಗಿ ಅಡುಗೆಮನೆಗೆ ಬರಲಿಲ್ಲ. ಸೊಪ್ಪು ನಾನೇ ಬಿಡಿಸಿದೆ. ಊಟದ ಸಾಲಿನಲ್ಲಿ ಅವಳ ಎಲೆಯ ಅಂಚನ್ನು ಮಡಚಿ ಇಟ್ಟೆ. ಬೆರಳಿನಿಂದ ಮಡಿಕೆಯನ್ನು ಮುಟ್ಟಿದಳು, ತಲೆ ಬಗ್ಗಿಸಿ ಉಂಡಳು, ಎದ್ದಳು.

ಬೆಳಿಗ್ಗೆ ತಂಡದವರು ಕಂಟೋನ್ಮೆಂಟ್ ಸ್ಟೇಷನ್ನಿಗೆ ಹೊರಡುವವರಿದ್ದರು. ದಾರಿಗೆ ಬುತ್ತಿ ಕಟ್ಟುತ್ತಿದ್ದೆ. ಹುಡುಗಿ ಬಾಗಿಲಿನ ಚೌಕಟ್ಟನ್ನು ಕೋಲಿನಿಂದ ತಟ್ಟಿ ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು.

"ಸಿಟ್ಟು ಬಂದೈತೇನು?" ಎಂದೆ.

"ಬಂದೈತಿ. ನೀ ಎದ್ದು ಬರಬಾರದಿತ್ತು. ನಾ ಹೇಳಿದ್ದೆ. ಅವ್ರು ನಂಬಿದ್ರ ನಂಬ್ತಿದ್ರು. ನಂಬಲಿಲ್ಲಾಂದ್ರ ಅದು ನನ್ನ ತಪ್ಪಲ್ಲ. ಖರೇ ಮಾತೂ ನಂದು, ವಿಕೆಟ್ಟೂ ನಂದು ಆಗ್ತಿತ್ತು."

ಅದು ನನಗೆ ಹೊಳೆದಿರಲಿಲ್ಲ. ಸರಿಯಾಗಿತ್ತು ಅವಳು ಹೇಳಿದ್ದು.

"ಹೌದು" ಎಂದೆ. "ಆದರ ಎದ್ದುಬಿಟ್ಟೆ. ಏನ್ ಮಾಡ್ಲಿ ಈಗ?"

"ಏನ್ ಮಾಡ್ತೀ? ಬುತ್ತಿ ಕಟ್ಟು." ಆಮೇಲೆ ಕೇಳಿದಳು, "ಯಾರದಾಯಿ ಆ ಫೋನು? ಮಗಳದಾ?"

ಹೌದು ಅನ್ನಬಹುದಿತ್ತು. ಅವಳ ವಿಕೆಟ್ಟಿಗೆ ಒಂದು ಬೆಲೆ ಬರುತ್ತಿತ್ತು. ಮಗಳು ಎಷ್ಟೋ ದಿನದ ಮೇಲೆ ತಾಯಿಗೆ ಫೋನು ಮಾಡಿದಳು ಅಂದರೆ ಅವಳಿಗೂ ಸಮಾಧಾನವಾಗುತ್ತಿತ್ತೋ ಏನೋ.

"ಕಂಪನಿಯವರದು. ರೀಚಾರ್ಜ್ ಮುಗೀತು ಅಂತ ಹೇಳ್ತಾಳಲ್ಲ ಒಬ್ಬಾಕಿ, ಮಷೀನಿನಾಕಿ. ಆಕಿ."

ಅವಳು ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು, ಅದರಲ್ಲಿ ಎಷ್ಟು ನಗು, ಎಷ್ಟು ಬೇರೆ ಎಂದು ನಾನು ಕೇಳಲಿಲ್ಲ.

"ಅಲ್ಲಾಯಿ, ನನ್ನ ವಿಕೆಟ್ ಹೋಗಿದ್ದು ರೀಚಾರ್ಜಿಗೇನು?"

"ಮತ್ತೇನು, ನನಗ ಪ್ರಧಾನಮಂತ್ರಿ ಫೋನ್ ಮಾಡ್ತಾನಂತ ತಿಳಿದಿದ್ಯಾ?"

"ಮಾಡಿಸಿದಿ?"

"ಏನು?"

"ರೀಚಾರ್ಜು. ಮಾಡಿಸಿಲ್ಲಾಂದ್ರ ಹೊರಗಿಂದ ಫೋನ್ ಬರೂದು ನಿಂತುಬಿಡ್ತೈತಿ." ಕೈ ಚಾಚಿದಳು. "ನಂಬರ್ ಹೇಳು."

ನನ್ನ ನಂಬರು ನನಗೆ ಬಾಯಿಪಾಠ ಇರಲಿಲ್ಲ. ಯಾರೂ ಕೇಳಿದ್ದಿಲ್ಲ. ಗಾಜೀಪುರದವಳು ಬಂದು ಹೇಳಿದಳು. ಹುಡುಗಿ ಒಮ್ಮೆ ಕೇಳಿ ನೆನಪಿಟ್ಟುಕೊಂಡಳು. ಬುತ್ತಿಯನ್ನು ಅವಳ ಕೈಗೆ ಕೊಟ್ಟು, ಕಟ್ಟಿನ ಗಂಟು ಇರುವ ಕಡೆ ಹಿಂಡಿ ಐತಿ ಎಂದೆ. ಗೊತ್ತೈತಿ ಎಂದಳು. ರಿಕ್ಷಾಗಳು ದೊಡ್ಡ ರಸ್ತೆಯಲ್ಲಿ ಕಾಯುತ್ತಿದ್ದವು. ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಗಲ್ಲಿಯಲ್ಲಿ ಹೋದರು, ಎದುರಿನಿಂದ ಒಂದು ಹೆಣ ಬಂತು, ಗೋಡೆಗೆ ಸರಿದು ನಿಂತರು, ಆಮೇಲೆ ಮತ್ತೆ ನಡೆದರು. ನಾನು ತಿರುವಿನವರೆಗೆ ಹೋಗಲಿಲ್ಲ. ಅಂದು ಮಧ್ಯಾಹ್ನ ಬೀದರಿನ ಒಂದು ಬಸ್ಸು ಬರುವುದಿತ್ತು.

ಬಸ್ಸಿನವರಿಗೆ ಬಡಿಸಿ ಮುಗಿಸಿದ ಮೇಲೆ ಗೋದೌಲಿಯಾಕ್ಕೆ ಹೋಗಿ ರೀಚಾರ್ಜ್ ಮಾಡಿಸಿದೆ. ಅಂಗಡಿಯವನು ಯಾವುದು ಬೇಕು ಅಮ್ಮಾ, ಇಂಟರ್ನೆಟ್ ಬೇಕಾ ಎಂದು ಕೇಳಿದ. ಫೋನು ಬಂದರೆ ರಿಂಗಾಗಬೇಕು, ಅಷ್ಟು ಸಾಕು ಎಂದೆ.

ಸ್ಟೀಲ್ ತಟ್ಟೆಗಳು ಮತ್ತೆ ಅಟ್ಟದಿಂದ ಕೆಳಗೆ ಬಂದಿವೆ. ಯಾತ್ರೆಯವರಿಗೆ ಪತ್ತಲ್ ಸೇರುವುದಿಲ್ಲ. ಆದರೆ ಡಬರಿಗಳ ನಡುವಿನ ಸೀರೆಯ ತುಂಡುಗಳನ್ನು ನಾನು ತೆಗೆದಿಲ್ಲ, ಸೌಟೂ ಮರದ್ದೇ. ಗಾಜೀಪುರದವಳು ಇನ್ನು ಯಾಕಮ್ಮಾ ಇದೆಲ್ಲ, ಅವರು ಹೋಗಿ ಎಷ್ಟು ದಿನವಾಯಿತು ಎಂದು ಕೇಳುತ್ತಾಳೆ. ರೂಢಿಯಾಗಿದೆ ಎಂದು ಹೇಳುತ್ತೇನೆ. ಫೋನನ್ನು ಈಗ ಸೊಂಟದಲ್ಲಿ ಇಟ್ಟುಕೊಳ್ಳುವುದಿಲ್ಲ, ಉಪ್ಪಿನ ಡಬ್ಬಿಯ ಪಕ್ಕ ಇಡುತ್ತೇನೆ. ರೊಟ್ಟಿ ಬಡಿಯುವಾಗ ಮಾತ್ರ ನಡುನಡುವೆ ಕೈ ನಿಲ್ಲಿಸಿ ಕೇಳಬೇಕಾಗುತ್ತದೆ.